ಹೆಲ್ಮೆಟ್: ಒಂದು ಪದದ ಕುಲ, ನಿಡುಗಲ್ ಸೀಮೆಯ ತಲೆಯುಡುಗೆಯ ಮಾತುಗಳೊಡನೆ

ಹೆಲ್ಮೆಟ್: ತಲೆಗೆ ಪೆಟ್ಟು ಬೀಳದಂತೆ ಕಾಯುವ ಗಟ್ಟಿ ಕವಚ, ಕನ್ನಡದ ಬರಹದಲ್ಲಿ ಶಿರಸ್ತ್ರಾಣ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಈ ಪದದ ಬೇರು ಇರುವುದು ಜರ್ಮನಿಕ್ ಭಾಷಾಕುಲದ ತೀರ ಹಳೆಯ ಪದರದಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ನಿಡುಗಲ್ ಸೀಮೆಯಲ್ಲಿ ಬೈಕು ಹತ್ತುವವರೆಲ್ಲ ದಿನವೂ ಆಡುವ ಮಾತಿದು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕಿನ ಕೆಲಸಗಾರರಿಗೂ ಇದು ಬಳಕೆಯ ಪದ. ಈ ಸೀಮೆಗೆ ತಲೆಯುಡುಗೆಯ ಹೆಸರುಗಳು ಹಿಂದೆಯೂ ಹೊರಗಿನಿಂದ ಬರುತ್ತಲೇ ಇದ್ದವು. ಹಾಗೆ ಬಂದವುಗಳಲ್ಲಿ ಹೆಲ್ಮೆಟ್ ತೀರ ಈಚಿನದು. ಅದರ ಕುಲವನ್ನು ಹುಡುಕುತ್ತ ಹೋದರೆ ಮಾತ್ರ ನಮ್ಮ ಮನೆಯ ಪದಗಳೇ ಎದುರಾಗುತ್ತವೆ.

ಹುಟ್ಟು

ಜರ್ಮನ್, ಇಂಗ್ಲಿಷ್, ಡಚ್, ಸ್ವೀಡಿಷ್ ಭಾಷೆಗಳು ಇನ್ನೂ ಬೇರೆಬೇರೆಯಾಗದೆ ಒಂದೇ ನುಡಿಯಾಗಿದ್ದ ಕಾಲದಲ್ಲಿ ಯೋಧನ ಶಿರಸ್ತ್ರಾಣಕ್ಕೆ 'ಹೆಲ್ಮಜ್' ಎಂಬ ಪದವಿತ್ತೆಂದು ಭಾಷಾವಿಜ್ಞಾನಿಗಳು ಊಹಿಸಿದ್ದಾರೆ. ಆ ರೂಪ ಯಾವ ಬರಹದಲ್ಲೂ ಉಳಿದಿಲ್ಲ. ಮಗಳುಭಾಷೆಗಳ ಪದಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ತಾಯಿಯ ಮುಖವನ್ನು ಊಹಿಸಿದ ಹಾಗೆ ಅದನ್ನು ಮರಳಿ ಕಟ್ಟಲಾಗಿದೆ. ಅದಕ್ಕೂ ಹಿಂದೆ, ಸಂಸ್ಕೃತ, ಗ್ರೀಕ್, ಲ್ಯಾಟಿನ್, ಜರ್ಮನಿಕ್ ಎಲ್ಲಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯಲ್ಲಿ 'ಕೆಲ್' ಎಂಬ ಧಾತು ಇತ್ತು. ಅದರ ಅರ್ಥ ಮುಚ್ಚು, ಮರೆಮಾಡು, ಕಾಪಾಡು. ಮುಚ್ಚಿ ಕಾಯುವಂಥದ್ದು ಹೆಲ್ಮಜ್.

ಈ ಧಾತುವಿನ 'ಕ'ಕಾರ ಜರ್ಮನಿಕ್ ಶಾಖೆಯಲ್ಲಿ 'ಹ'ಕಾರವಾಯಿತು, ಸಂಸ್ಕೃತದಲ್ಲಿ 'ಶ'ಕಾರವಾಯಿತು. ಇದು ಯಾವುದೋ ಒಂದು ಪದಕ್ಕೆ ಆಕಸ್ಮಿಕವಾಗಿ ಆದದ್ದಲ್ಲ, ಸಾಲುಸಾಲು ಪದಗಳಲ್ಲಿ ಕಾಣುವ ನಿಯಮ. ಸಂಸ್ಕೃತದ ಶತ, ಇಂಗ್ಲಿಷಿನ ಹಂಡ್ರೆಡ್. ಸಂಸ್ಕೃತದ ಶೃಂಗ, ಇಂಗ್ಲಿಷಿನ ಹಾರ್ನ್. ದಾರಿಯಲ್ಲಿ ಅಡ್ಡ ಬಂದವರಿಗೆ ಹೆಲ್ಮೆಟ್ ಹಾಕಿದವನು ಹಾರ್ನ್ ಹೊಡೆದಾಗ ಆ ಎರಡೂ ಪದಗಳ ಮೊದಲ ಅಕ್ಷರದ ಚರಿತ್ರೆ ಒಂದೇ. ಹಾರ್ನ್ ಎಂದರೆ ಮೂಲತಃ ಕೊಂಬೇ. ನಾವೂ ಊದುವ ವಾದ್ಯಕ್ಕೆ ಕೊಂಬು ಎನ್ನುತ್ತೇವೆ, ಕಹಳೆಗೆ ಕೊಂಬುಕಹಳೆ ಎನ್ನುತ್ತೇವೆ.

ಹೀಗೆ ಹೋಲಿಸಿದಾಗ ಹೆಲ್ಮಜ್ ಪದಕ್ಕೆ ಸಂಸ್ಕೃತದಲ್ಲಿ ಸಿಗುವ ಹತ್ತಿರದ ನಂಟ 'ಶರ್ಮನ್'. ವೇದದ ಭಾಷೆಯಲ್ಲಿ ಅದರ ಅರ್ಥ ಆಸರೆ, ರಕ್ಷಣೆ, ನೆರಳು. ಜರ್ಮನಿಕ್ ಪದದಲ್ಲಿ ಉಳಿದ 'ಲ'ಕಾರ ಸಂಸ್ಕೃತದಲ್ಲಿ 'ರ'ಕಾರವಾಗಿದೆ, ಅಷ್ಟೇ. ಬ್ರಾಹ್ಮಣರ ಹೆಸರಿನ ಕೊನೆಗೆ ಬರುವ ಶರ್ಮ ಎಂಬುದು ಇದೇ ಪದ. ತಾಳಗುಂದದ ಶಾಸನ ಕದಂಬ ವಂಶದ ಮೂಲಪುರುಷನನ್ನು ಮಯೂರಶರ್ಮ ಎಂದು ಕರೆಯುತ್ತದೆ. ಕಂಚಿಯಲ್ಲಿ ಅವಮಾನಗೊಂಡು ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದವನು ಅವನು. ಮುಂದೆ ಆ ಹೆಸರು ಮಯೂರವರ್ಮ ಎಂದಾಯಿತು. ವರ್ಮ ಎಂದರೆ ಕವಚ. ಓದುವ ಬ್ರಾಹ್ಮಣ ಯೋಧನಾದಾಗ ಶರ್ಮ ಹೋಗಿ ಕವಚ ಬಂತು ಎಂದು ನಾವು ಓದಿಕೊಂಡು ಬಂದಿದ್ದೇವೆ. ಬಿಟ್ಟುಕೊಟ್ಟ ಶರ್ಮದ ನಂಟನೇ ದೂರದ ಯುರೋಪಿನಲ್ಲಿ ಯೋಧರ ತಲೆಯ ಮೇಲೆ ಕೂತಿತ್ತು ಎಂಬುದು ನನಗೆ ಈ ಪದಚರಿತ್ರೆಯಲ್ಲಿ ಬಹಳ ಹಿಡಿಸಿದ ಸಂಗತಿ.

'ಶಾಲೆ'ಯನ್ನೂ 'ಶರಣ' ಶಬ್ದವನ್ನೂ ಇದೇ ಧಾತುವಿಗೆ ಸೇರಿಸುವ ವಿದ್ವಾಂಸರಿದ್ದಾರೆ. ಶರಣದ ವಿಷಯದಲ್ಲಿ ಎಲ್ಲರ ಒಪ್ಪಿಗೆ ಇಲ್ಲ. 'ಆಶ್ರಯ'ದಲ್ಲಿರುವ ಧಾತುವಿನಿಂದ ಬಂದದ್ದೆಂಬ ವಾದವೂ ಉಂಟು. ಶಾಲೆಯ ಮೂಲ ಅರ್ಥ ಸೂರಿರುವ ಜಾಗ: ಗೋಶಾಲೆ, ಪಾಕಶಾಲೆ, ಧರ್ಮಶಾಲೆಗಳಲ್ಲಿ ಆ ಅರ್ಥ ಹಾಗೆಯೇ ಇದೆ. ಅದರ ಜರ್ಮನಿಕ್ ಜೋಡಿ ಹಾಲ್, ನಮ್ಮ ಮನೆಗಳ ಪಡಸಾಲೆಯನ್ನು ಬದಿಗೆ ಸರಿಸಿ ಬಂದ ಹಾಲ್. ಪಡಸಾಲೆಯ 'ಸಾಲೆ'ಯೂ ಶಾಲೆಯೇ ಆದ್ದರಿಂದ ಆ ಜಾಗಕ್ಕೆ ಬಂದವನು ನಂಟನೇ ಹೊರತು ಪರಕೀಯನಲ್ಲ. ಲ್ಯಾಟಿನ್ ದಾರಿಯಲ್ಲಿ ಇದೇ ಧಾತುವಿನಿಂದ ಸಣ್ಣ ಕೋಣೆ ಎಂಬ ಅರ್ಥದ ಸೆಲ್ ಹುಟ್ಟಿತು. ಮೇಲ್ಮೈಯನ್ನು ಮುಚ್ಚುವಂಥದ್ದು ಎಂಬ ಅರ್ಥದಿಂದ ಕಲರ್ ಕೂಡ ಹುಟ್ಟಿತು.

ಮಕ್ಕಳು, ಮೊಮ್ಮಕ್ಕಳು

ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲ ಬೈಬಲನ್ನು ಗಾಥಿಕ್ ಭಾಷೆಗೆ ಅನುವಾದಿಸಿದ. ಅಲ್ಲಿ ರಕ್ಷಣೆಯೆಂಬ ಶಿರಸ್ತ್ರಾಣವನ್ನು ಧರಿಸಿಕೊಳ್ಳಿ ಎಂದು ಸಂತ ಪೌಲ ಹೇಳುವ ಕಡೆ 'ಹಿಲ್ಮ್ಸ್' ಎಂಬ ಪದವಿದೆ. ಹಳೆಯ ಇಂಗ್ಲಿಷಿನಲ್ಲಿ 'ಹೆಲ್ಮ್' ಎಂದರೆ ಶಿರಸ್ತ್ರಾಣವೂ ಹೌದು, ಪ್ರಜೆಗಳನ್ನು ಕಾಯುವ ದೊರೆಯೂ ಹೌದು. ನಾವು ಛತ್ರದ ನೆರಳು ಎಂದು ಅರಸನ ಆಳ್ವಿಕೆಯನ್ನು ಹೇಳುವಂತೆ. ಆ ಕಾಲದ ಶಿರಸ್ತ್ರಾಣ ಹೇಗಿತ್ತೆಂದು ತೋರಿಸುವ ಬಹು ಪ್ರಸಿದ್ಧ ವಸ್ತು ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ 1939ರಲ್ಲಿ ಅಗೆದು ತೆಗೆದ, ಮುಖವಾಡವೂ ಕೂಡಿಕೊಂಡಿರುವ ಏಳನೆಯ ಶತಮಾನದ ಹೆಲ್ಮೆಟ್. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಇಂದಿನ ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಪದ ಹೆಲ್ಮ್ ಎಂದೇ ಉಳಿದಿದೆ. ಸ್ವೀಡಿಷಿನಲ್ಲಿ ಯೆಲ್ಮ್, ಐಸ್‌ಲ್ಯಾಂಡಿನಲ್ಲಿ ಹ್ಯಾಲ್ಮುರ್. ಜರ್ಮನಿಕ್ ಸೈನಿಕರೊಡನೆ ಇದು ಪರಕುಲದ ಭಾಷೆಗಳಿಗೂ ದಾಟಿತು. ಇಟಲಿಯಲ್ಲಿ ಎಲ್ಮೊ, ಸ್ಪೇನಿನಲ್ಲಿ ಯೆಲ್ಮೊ. ಸ್ಲಾವ್ ಜನ ಬಹಳ ಹಿಂದೆಯೇ ಎರವಲು ಪಡೆದ ರೂಪ ರಷ್ಯನ್ನಿನಲ್ಲಿ ಶ್ಲೆಮ್. ಆಯುಧ ಎಲ್ಲಿಗೆ ಹೋಗುತ್ತದೋ ಅದರ ಹೆಸರೂ ಅಲ್ಲಿಗೆ ಹೋಗುತ್ತದೆ. ತುಪಾಕಿ, ಫಿರಂಗಿ ನಮ್ಮಲ್ಲಿಗೆ ಬಂದದ್ದೂ ಹಾಗೆಯೇ.

ಇಂಗ್ಲಿಷಿನ 'ಹೆಲ್ಮೆಟ್' ಮಾತ್ರ ನೇರವಾಗಿ ಮನೆಯಲ್ಲಿ ಬೆಳೆದ ಮಗುವಲ್ಲ. ಜರ್ಮನಿಕ್ ಕುಲದ ಫ್ರಾಂಕರು ಇಂದಿನ ಫ್ರಾನ್ಸ್ ಆದ ಗಾಲ್ ನಾಡನ್ನು ಗೆದ್ದಾಗ ತಮ್ಮ ಹೆಲ್ಮ್ ಪದವನ್ನು ಅಲ್ಲಿಯ ಲ್ಯಾಟಿನ್ ಮೂಲದ ಆಡುಮಾತಿಗೆ ಕೊಟ್ಟರು. ಅದಕ್ಕೆ ಫ್ರೆಂಚರು 'ಸಣ್ಣದು' ಎಂಬ ಅರ್ಥದ 'ಎಟ್' ಪ್ರತ್ಯಯ ಹಚ್ಚಿದರು. ಹದಿನೈದನೆಯ ಶತಮಾನದಲ್ಲಿ ಇಂಗ್ಲಿಷ್ ಆ ಫ್ರೆಂಚ್ ರೂಪವನ್ನು ತೆಗೆದುಕೊಂಡಿತು, ತನ್ನದೇ ಹಳೆಯ ಹೆಲ್ಮ್ ಕಾವ್ಯದ ಮೂಲೆಗೆ ಸರಿಯಿತು. ಹಡಗಿನ ಚುಕ್ಕಾಣಿಗೆ ಇಂಗ್ಲಿಷಿನಲ್ಲಿ ಹೇಳುವ ಹೆಲ್ಮ್ ಬೇರೆಯದೇ ಪದ. ಉಚ್ಚಾರ ಒಂದಾದ್ದರಿಂದ ಎರಡನ್ನೂ ಬೆರೆಸುವುದುಂಟು.

ಈ ಪದ ತಲೆಯಿಂದ ಹೆಸರಿಗೂ ಇಳಿಯಿತು. 'ಸಂಕಲ್ಪ' ಎಂಬ ಅರ್ಥದ ವಿಲ್ ಜೊತೆ ಹೆಲ್ಮ್ ಸೇರಿ ವಿಲ್‌ಹೆಲ್ಮ್ ಆಯಿತು. ಅದೇ ಫ್ರೆಂಚಿನ ಗಿಯೋಮ್, ಸ್ಪ್ಯಾನಿಷಿನ ಗಿಯೆರ್ಮೊ, ಇಂಗ್ಲಿಷಿನ ವಿಲಿಯಂ. ಅನ್ಸೆಲ್ಮ್ ಎಂಬ ಹೆಸರಿನ ಕೊನೆಯಲ್ಲೂ ಇದೇ ಹೆಲ್ಮ್ ಇದೆ. 1831ರಲ್ಲಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್. ಅದರ ಮರುವರ್ಷ, 1832ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಪಾದ್ರಿ ವಿಲಿಯಂ ರೀವ್. ಹೆಲ್ಮೆಟ್ಟಿನ ಅಂಗಡಿ ನಮ್ಮ ಪೇಟೆಗಳಲ್ಲಿ ಬಾಗಿಲು ತೆರೆಯುವ ಎಷ್ಟೋ ದಶಕಗಳ ಮೊದಲೇ ಹೆಲ್ಮ್ ಈ ನಾಡಿನ ದಫ್ತರಗಳಲ್ಲಿ ಹೆಸರಾಗಿ ಓಡಾಡಿತ್ತು.

ತಲೆಗೆ ಸಂಬಂಧಿಸಿದ ಇನ್ನೊಂದು ಜರ್ಮನಿಕ್ ಪದ ಹ್ಯಾಟು. ಅದು ಬೇರೆ ಧಾತುವಿನದು. ಇಂಗ್ಲಿಷಿನ ಹುಡ್, ಜರ್ಮನ್ನಿನ ಹೂಟ್ ಅದರ ಒಡಹುಟ್ಟುಗಳು. ಕನ್ನಡದಲ್ಲಿ ಹ್ಯಾಟು ಸೂಟುಬೂಟುಗಳ ಜೊತೆಗೇ ನಿಂತಿತು, ಹೊಲಕ್ಕೆ ಇಳಿಯಲಿಲ್ಲ.

ಹೆಂಜೇರಿನ ಹಕಾರ

ಈ ಸೀಮೆಗೆ ಹೆಸರು ಕೊಟ್ಟ ನಿಡುಗಲ್ಲು ಪಾವಗಡ ತಾಲ್ಲೂಕಿನ ಒಂದು ಗಿರಿದುರ್ಗ. ನೀಳವಾದ, ಎತ್ತರದ ಕಲ್ಲು ಎಂಬುದು ಹೆಸರಿನ ಅರ್ಥ. ಒರೆಯೂರು ಪುರವರಾಧೀಶ್ವರರೆಂದು ಬಿರುದು ಹೊತ್ತ ನಿಡುಗಲ್ಲಿನ ಚೋಳರು, ಇರುಂಗೋಳ ಎಂಬ ಹೆಸರಿನ ಅರಸರು, ಇಲ್ಲಿಂದ ಆಳಿದರು. ಬಿ. ಎಲ್. ರೈಸ್ ಸಂಪಾದಿಸಿ 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳಿವೆ. ಆ ಚೋಳರಿಗೂ ಮೊದಲು ನೊಳಂಬ ಅರಸರಿಗೆ ರಾಜಧಾನಿಯಾಗಿದ್ದ ಊರು ಇಂದು ಆಂಧ್ರದಲ್ಲಿರುವ ಹೇಮಾವತಿ. ಶಾಸನಗಳಲ್ಲಿ ಆ ಊರಿನ ಹೆಸರು ಪೆಂಜೆರು, ಮುಂದೆ ಹೆಂಜೇರು.

ಪಕಾರ ಹಕಾರವಾದದ್ದು ಕನ್ನಡದ ಸ್ವಂತ ಬದಲಾವಣೆ. ಹತ್ತನೆಯ ಶತಮಾನದಿಂದೀಚೆಗೆ ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ತೆಲುಗಿನಲ್ಲಿ ಆ ಬದಲಾವಣೆ ಆಗಲಿಲ್ಲ. ಎರಡೂ ಭಾಷೆ ಆಡುವ ಪಾವಗಡದ ಮನೆಗಳಲ್ಲಿ ಒಂದೇ ತಂಬಿಗೆಯಲ್ಲಿರುವುದು ಒಂದು ಮಾತಿಗೆ ಪಾಲು, ಇನ್ನೊಂದಕ್ಕೆ ಹಾಲು. ಹೀಗೆ ಕನ್ನಡದ ಹೆಚ್ಚಿನ ದೇಸಿ ಹಕಾರಗಳ ಹಿಂದೆ ಪಕಾರವಿದೆ; ಹೆಲ್ಮೆಟ್ಟಿನ ಹಕಾರದ ಹಿಂದೆ ಕಕಾರವಿದೆ. 'ಹಾಲಲ್ಲಿ ಕೂತು ಹಾಲು ಕುಡಿ' ಎಂದು ಅಜ್ಜಿ ಮೊಮ್ಮಗನಿಗೆ ಹೇಳಿದರೆ, ಕಿವಿಗೆ ಒಂದೇ ಕೇಳುವ ಆ ಎರಡು ಹಕಾರಗಳು ಎರಡು ಖಂಡಗಳಲ್ಲಿ ಬೇರೆಬೇರೆ ದಾರಿ ನಡೆದು ಬಂದವು.

ಬಂದ ಪದಗಳು

ಈ ಸೀಮೆಯ ಅನೇಕ ವೀರಗಲ್ಲುಗಳಲ್ಲಿ ಕಾದಾಡುವ ವೀರನ ತಲೆಯ ಮೇಲೆ ಲೋಹವಿಲ್ಲ. ಎತ್ತಿ ಕಟ್ಟಿದ ತುರುಬಿದೆ. ಕಿರೀಟ, ಮಕುಟಗಳೆಂಬ ಸಂಸ್ಕೃತ ಪದಗಳು ದೇವರಿಗೂ ಅರಸರಿಗೂ ಮೀಸಲಾದವು. ಜನರ ತಲೆಯ ಮೇಲಿನ ಮಾತುಗಳು ಬಹುಮಟ್ಟಿಗೆ ಆಮೇಲಿನವು. 1638ರ ಹೊತ್ತಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡು ಇತ್ತ ಬಂತು. ಶಿರಾ ಶಿವಾಜಿಯ ತಂದೆ ಷಹಾಜಿಯ ಜಹಗೀರಿಗೆ ಸೇರಿತು. 1687ರಲ್ಲಿ ಔರಂಗಜೇಬನ ಸೇನಾನಿ ಕಾಸಿಂ ಖಾನ್ ಶಿರಾವನ್ನು ಮೊಗಲರ ಸುಬಾದ ಕೇಂದ್ರ ಮಾಡಿದ. ಅಲ್ಲಿಯ ಜುಮ್ಮಾ ಮಸೀದಿ 1696ರದು. ಆಮೇಲೆ ಮರಾಠರು, ಹೈದರ, ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಇಷ್ಟು ದಂಡುಗಳು ಹಾದುಹೋದ ಊರಿನಲ್ಲಿ ತಾಲ್ಲೂಕು, ಅಮಲ್ದಾರ, ದಫ್ತರಗಳ ಜೊತೆಗೆ ತಲೆಗೆ ಸುತ್ತುವ ಬಟ್ಟೆಯ ಹೆಸರೂ ಬದಲಾದದ್ದು ಸಹಜ.

ಇವುಗಳಲ್ಲಿ ಗಮನಿಸಲೇಬೇಕಾದದ್ದು ರುಮಾಲು. ಫಾರಸಿಯಲ್ಲಿ 'ರೂ' ಎಂದರೆ ಮುಖ, 'ಮಾಲ್' ಎಂದರೆ ಒರೆಸುವುದು. ಮುಖ ಒರೆಸುವ ಬಟ್ಟೆ ರುಮಾಲು. ಹಿಂದಿಯಲ್ಲಿ ಇವತ್ತಿಗೂ ಅದು ಜೇಬಿನ ಚೌಕ. ಕನ್ನಡದಲ್ಲಿ ಅದು ಕೈಯಿಂದ ಮೇಲೇರಿ ತಲೆಯನ್ನು ಸುತ್ತಿತು. ಹಾಗೆ ಏರಿದ್ದು ಅದೊಂದೇ ಅಲ್ಲ. ಜರತಾರಿಯ ಮಂದೀಲು ಎಂಬ ಪದ ಅರಬಿಯ ಮಿಂದೀಲ್, ಅಂದರೆ ಕರವಸ್ತ್ರ. ಅದರ ಮೂಲ ಲ್ಯಾಟಿನ್ನಿನಲ್ಲಿ ಕೈ ಒರೆಸುವ ಬಟ್ಟೆಗೆ ಇದ್ದ ಮಾಂಟೇಲೆ. ರೋಮಿನ ಊಟದ ಮನೆಯಲ್ಲಿ ಹುಟ್ಟಿದ ಪದ ದಖ್ಖನಿನಲ್ಲಿ ಮದುಮಗನ ತಲೆಗೆ ಬಂದದ್ದು ಹೀಗೆ. ಇದಕ್ಕೆ ತಿರುಗುಮುರುಗಾದ ಪಯಣ ಕರ್ಚೀಫಿನದು. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥ 'ತಲೆ ಮುಚ್ಚುವಂಥದ್ದು'. ಇಂಗ್ಲಿಷಿನಲ್ಲಿ ಅದು ಹೆಣ್ಣುಮಕ್ಕಳ ತಲೆವಸ್ತ್ರವಾಗಿದ್ದು, ಆಮೇಲೆ ಕೈಗೆ ಇಳಿದು ಹ್ಯಾಂಡ್‌ಕರ್ಚೀಫ್ ಆಯಿತು. ರುಮಾಲು ತಲೆಗೇರಿದ ನಾಡಿಗೆ, ತಲೆಯಿಂದಿಳಿದ ಕರ್ಚೀಫು ಬಂದು ರುಮಾಲು ಬಿಟ್ಟುಹೋದ ಕೆಲಸವನ್ನು ಹಿಡಿಯಿತು.

ಮುಂಡಾಸು ಮರಾಠಿಯ ಮುಂಡಾಸೆ. ತಲೆ ಎಂಬ ಅರ್ಥದ ಸಂಸ್ಕೃತದ 'ಮುಂಡ' ಅದರೊಳಗಿದೆ. ಪೇಟ ಮರಾಠಿಯ ಫೇಟಾ. ಮೈಸೂರು ಅರಮನೆಯ ಗೌರವದಿಂದ ಅದು ಮೈಸೂರು ಪೇಟವಾಗಿ, ಈಗ ಸನ್ಮಾನ ಮಾಡುವ ಪ್ರತಿ ವೇದಿಕೆಯ ಮೇಲೂ ಇದೆ. ಮೊಗಲರು ಪೇಟದ ಒಳಗೆ ಇಡುತ್ತಿದ್ದ ಮೊನೆಯುಳ್ಳ ಟೊಪ್ಪಿಗೆ ಫಾರಸಿಯ ಕುಲಾಹ್. ಕನ್ನಡದಲ್ಲಿ ಅದು ಕುಲಾವಿಯಾಗಿ ಹಸುಗೂಸಿನ ತಲೆಗೆ, ಕಿವಿ ಮುಚ್ಚುವ ಮೆತ್ತನೆಯ ಹೊದಿಕೆಯಾಗಿ ಬಂತು. ದರ್ಬಾರಿನ ಪದ ತೊಟ್ಟಿಲಿಗೆ ಸೇರಿದ ಈ ಬದಲಾವಣೆಯಲ್ಲಿ ಕನ್ನಡದ ತಾಯಂದಿರ ಕೈವಾಡ ಸ್ಪಷ್ಟ. ಪಾವಗಡದ ತೆಲುಗು ಮಾತಿನಲ್ಲಿ ಕೇಳುವ 'ತಲಪಾಗ'ದಲ್ಲಿ ಮೊದಲರ್ಧ ನಮ್ಮ 'ತಲೆ', ಉಳಿದರ್ಧ ಉತ್ತರದ ಪಾಗ್. ಪಗಡಿಯೂ ಅದೇ ಬಳಗ.

ಟೋಪಿ ಉತ್ತರ ಭಾರತದ ಭಾಷೆಗಳ ಪದ. ಟೊಪ್ಪಿಗೆ ಅದರ ಕನ್ನಡದ ರೂಪ. ಪೇಟ ಮರ್ಯಾದೆಯಾದರೆ ಟೋಪಿ ಮೋಸವಾಯಿತು: ಟೋಪಿ ಹಾಕಿಸಿಕೊಂಡವನು ಕೆಟ್ಟ. ಇನ್ನೊಬ್ಬರ ತಲೆಗೆ ಪೇಟ ಸುತ್ತಲು ಹೊತ್ತು ಬೇಕು, ಎದುರಿಗೆ ನಿಲ್ಲಬೇಕು; ಟೋಪಿಯನ್ನು ಹಿಂದಿನಿಂದ ಬಂದು ಥಟ್ಟನೆ ಇಟ್ಟುಬಿಡಬಹುದು. ನುಡಿಗಟ್ಟು ಹುಟ್ಟಿದ್ದು ಅಲ್ಲಿಂದಲೋ ಏನೋ ಎಂದು ನನಗೆ ತೋರುತ್ತದೆ.

ಕೊಪ್ಪೆ

ಈ ಎಲ್ಲ ಹೆಸರುಗಳ ನಡುವೆ, ಯಾವ ದರ್ಬಾರಿಗೂ ಹೋಗದೆ ಉಳಿದದ್ದು ಕೊಪ್ಪೆ. ಅದು ಹೊಲಿದ ಉಡುಪಲ್ಲ, ಸುತ್ತಿದ ಬಟ್ಟೆಯೂ ಅಲ್ಲ. ಕರಿ ಉಣ್ಣೆಯ ಕಂಬಳಿಯ ಒಂದು ತುದಿಯನ್ನು ಮೊನೆಯಾಗುವಂತೆ ಮಡಿಸಿ ತಲೆಯ ಮೇಲೆ ಇಳಿಬಿಟ್ಟರೆ ಕೊಪ್ಪೆ. ತಲೆ, ಬೆನ್ನು, ಭುಜ ಮೂರಕ್ಕೂ ಅದೊಂದೇ ಸೂರು. ಬಿಚ್ಚಿ ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಿಸಿ ಹೆಗಲಿಗೆ ಹಾಕಿದರೆ ಹೊರೆ ಹೊರುವಾಗ ಮೆತ್ತೆ. ಕಂಬಳಿಯಿಲ್ಲದವರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಗೋಣಿಕೊಪ್ಪೆ ಮಾಡಿಕೊಳ್ಳುತ್ತಾರೆ; ಮಳೆಯಲ್ಲಿ ನಾಟಿ ಮಾಡುವಾಗ, ಮೂಟೆ ಇಳಿಸುವಾಗ ಅದೇ ಸಾಕು.

ಮಳೆ ಕಡಿಮೆಯಾದ, ಕುರುಚಲು ಕಾವಲುಗಳ ಈ ಸೀಮೆ ಕುರಿಗಳದು, ಕುರುಬರದು, ಕಾಡುಗೊಲ್ಲರದು. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಗುಡ್ಡೆ ಇರುವುದು ಶಿರಾ ತಾಲ್ಲೂಕಿನಲ್ಲಿ. ಮಗ್ಗದಿಂದ ಇಳಿದ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಾರೆ. ಉಣ್ಣೆಯ ಎಳೆಯಲ್ಲಿ ಸಹಜವಾದ ಜಿಡ್ಡು ಇರುವುದರಿಂದ ತುಂತುರು ಹನಿ ಮೇಲೇ ಉರುಳಿ ಹೋಗುತ್ತದೆ. ನೆನೆದರೂ ಉಣ್ಣೆ ಹತ್ತಿಯಂತೆ ಮೈಗೆ ಅಂಟಿ ಚಳಿ ಹುಟ್ಟಿಸುವುದಿಲ್ಲ. ಬಿಸಿಲಿಗೂ ಅದೇ ಕೊಪ್ಪೆ: ದಪ್ಪ ಉಣ್ಣೆ ಹೊರಗಿನ ಕಾವನ್ನು ತಡೆದು ಹಿಡಿಯುತ್ತದೆ. ಹಟ್ಟಿಯಿಂದ ದೂರ, ಬಯಲಲ್ಲಿ ಮಂದೆಯ ಜೊತೆ ರಾತ್ರಿ ಕಳೆಯುವವನಿಗೆ ಇದಕ್ಕಿಂತ ಹೊಂದುವ ಉಡುಪನ್ನು ಯಾರೂ ಮಾಡಿಕೊಟ್ಟಿಲ್ಲ. 'ಕೆಲ್' ಧಾತುವಿನ ಮುಚ್ಚು, ಮರೆಮಾಡು, ಕಾಪಾಡು ಎಂಬ ಮೂರು ಅರ್ಥಗಳನ್ನೂ ಒಟ್ಟಿಗೆ ನಡೆಸುವ ವಸ್ತು ಯಾವುದೆಂದು ಕೇಳಿದರೆ ನಾನು ಹೆಲ್ಮೆಟ್ಟಿಗಿಂತ ಮೊದಲು ಕೊಪ್ಪೆಯನ್ನೇ ತೋರಿಸುವೆ.

ಕನ್ನಡದಲ್ಲಿ ಹೆಲ್ಮೆಟ್

ಕನ್ನಡ ಪ್ರತಿಯೊಂದು ತಲೆಯುಡುಗೆಗೂ ಅದರದರ ಕ್ರಿಯಾಪದ ಕೊಟ್ಟಿದೆ. ರುಮಾಲು ಸುತ್ತುವುದು, ಮುಂಡಾಸು ಬಿಗಿಯುವುದು, ಬಾಸಿಂಗ ಕಟ್ಟುವುದು, ಕಿರೀಟ ಧರಿಸುವುದು, ಕುಲಾವಿ ತೊಡಿಸುವುದು, ಕಂಬಳಿ ಹೊದೆಯುವುದು. ಹೆಲ್ಮೆಟ್ಟಿಗೆ ಸಿಕ್ಕಿದ್ದು ಟೋಪಿಯ ಕ್ರಿಯಾಪದ: ಹಾಕಿಕೊಳ್ಳುವುದು. ಸಿದ್ಧವಾಗಿ ಬಂದದ್ದನ್ನು, ಆಕಾರ ಬದಲಾಗದ್ದನ್ನು ಕನ್ನಡ ಹಾಕಿಕೊಳ್ಳುತ್ತದೆ. ವಿಭಕ್ತಿ ಹಚ್ಚುವಾಗ ಕೊನೆಯ ವ್ಯಂಜನ ಇಮ್ಮಡಿಸಿ ಹೆಲ್ಮೆಟ್ಟು, ಹೆಲ್ಮೆಟ್ಟಿಗೆ, ಹೆಲ್ಮೆಟ್ಟಿನಲ್ಲಿ ಎಂದಾಗುವುದು ಬಿಸ್ಕತ್ತು, ಟಿಕೆಟ್ಟುಗಳ ದಾರಿಯೇ. ಶಿರಸ್ತ್ರಾಣ ಎಂಬ ಸಮಾನಪದ ಪತ್ರಿಕೆ, ಪಠ್ಯಗಳಲ್ಲಿದೆ, ಬಾಯಲ್ಲಿ ನಿಲ್ಲಲಿಲ್ಲ.

ಪದವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದರಲ್ಲಿ ಕಾನೂನಿನ ಪಾಲು ದೊಡ್ಡದು. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ದ್ವಿಚಕ್ರ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯವಾಯಿತು. ಹೊರಚಿಪ್ಪಿನ ಒಳಗಿರುವ ಗಟ್ಟಿ ನೊರೆಯ ಪದರ ಪೆಟ್ಟು ಬಿದ್ದಾಗ ತಾನು ಕುಗ್ಗಿ ತಲೆಗೆ ತಲುಪುವ ರಭಸವನ್ನು ಹೀರುತ್ತದೆ. ಅದಕ್ಕೇ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಬಿರುಕಿಲ್ಲದಿದ್ದರೂ ಮತ್ತೆ ಬಳಸಬಾರದು. ಬರೀ ಪ್ಲಾಸ್ಟಿಕ್ಕಿನ ಬುರುಡೆ ಈ ಕೆಲಸ ಮಾಡಲಾರದು. ಭಾರತೀಯ ಮಾನಕ ಐಎಸ್ 4151ರ ಗುರುತು ಇರುವುದನ್ನೇ ಕೊಳ್ಳಬೇಕು.

ಅದೇ 129ನೆಯ ಕಲಮಿನಲ್ಲಿ ಪೇಟ ಸುತ್ತಿದ ಸಿಖ್ಖರಿಗೆ ವಿನಾಯಿತಿ ಇದೆ. ಅವರಿಗದು ಧರ್ಮದ ಭಾಗ. ನಿಡುಗಲ್ ಸೀಮೆಯ ರೈತನ ರುಮಾಲಿಗೆ ಅಂಥ ವಿನಾಯಿತಿ ಇಲ್ಲ. ಸಂತೆಗೋ ತಾಲ್ಲೂಕು ಕಚೇರಿಗೋ ಮಗನ ಬೈಕಿನ ಹಿಂದೆ ಕೂತು ಹೊರಡುವಾಗ ಅವನು ರುಮಾಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೆಲ್ಮೆಟ್ ಹಾಕುತ್ತಾನೆ. ಊರು ಮುಟ್ಟಿ ಹೆಲ್ಮೆಟ್ ತೆಗೆದಾಗ ಬೆವೆತ ಹಣೆ, ಕೆನ್ನೆಗಳನ್ನು ಒರೆಸಿಕೊಳ್ಳುವುದು ಹೆಗಲ ಮೇಲಿನ ಆ ರುಮಾಲಿನಿಂದಲೇ.